ತೇಜಸ್ವಿಯವರೂ ಗಣಕಯಂತ್ರವೂ

ಪೂರ್ಣಚಂದ್ರ ತೇಜಸ್ವಿಯವರ ಹೆಸರನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಮಲೆನಾಡಿನ ಕಾಡು, ಹಾರುವ ಓತಿ, ಜೇನಿನ ಪೆಟ್ಟಿಗೆ, ಮೀನಿನ ಗಾಳ, ಹಕ್ಕಿಗಾಗಿ ಹೊಂಚುವ ಕ್ಯಾಮೆರಾ. ಆ ಚಿತ್ರದಲ್ಲಿ ಗಣಕಯಂತ್ರಕ್ಕೆ ಎಡೆಯಿರುವುದು ಅನೇಕರಿಗೆ ಹೊಳೆಯುವುದಿಲ್ಲ. ಆದರೆ ಬಾಳಿನ ಕೊನೆಯ ವರ್ಷಗಳಲ್ಲಿ ಅವರ ಮನಸ್ಸನ್ನು ಬಹುವಾಗಿ ಹಿಡಿದಿದ್ದ ವಿಷಯಗಳಲ್ಲಿ ಈ ಯಂತ್ರವೂ ಒಂದು.

೧೯೩೮ರ ಸೆಪ್ಟೆಂಬರ್ ೮ರಂದು ಹುಟ್ಟಿದ ತೇಜಸ್ವಿಯವರು ಕವಿ ಕುವೆಂಪು ಅವರ ಹಿರಿಯ ಮಗ. ನಗರದ ಉದ್ಯೋಗವನ್ನು ಅರಸದೆ ಮೂಡಿಗೆರೆಯ ಕಡೆಗೆ ಹೋಗಿ ಕಾಫಿ ಬೆಳೆಗಾರರಾದರು. ೧೯೮೦ರಲ್ಲಿ ಪ್ರಕಟವಾದ ‘ಕರ್ವಾಲೊ’ ಕಾದಂಬರಿಯಲ್ಲಿ ವಿಜ್ಞಾನಿಯೊಬ್ಬನ ಅನ್ವೇಷಣೆಯನ್ನು ಹಳ್ಳಿಯ ಮಂದಿಯ ಬದುಕಿನೊಡನೆ ಹೆಣೆದರು. ರಾಜಶೇಖರ ಭೂಸನೂರಮಠ ಮೊದಲಾದವರು ಬೆಳೆಸಿದ ವೈಜ್ಞಾನಿಕ ಕಥೆಯ ಹಾದಿಗಿಂತ ಇದು ಬೇರೆ. ಇಲ್ಲಿ ಅಂತರಿಕ್ಷ ನೌಕೆಗಳಿಲ್ಲ. ಆದರೂ ವಿಜ್ಞಾನದ ಬೆರಗನ್ನು ಕನ್ನಡ ಓದುಗರ ಅಂಗಳಕ್ಕೆ ತಂದವರಲ್ಲಿ ಅವರು ಅಗ್ರಗಣ್ಯರು. ಯಂತ್ರವೆಂದರೆ ಅವರಿಗೆ ಅಂಜಿಕೆಯಿರಲಿಲ್ಲ. ಅದನ್ನು ಬಿಚ್ಚಿ, ಒಳಗೇನಿದೆಯೆಂದು ನೋಡಿ, ತಾವೇ ಕಲಿಯುವುದು ಅವರ ಸ್ವಭಾವ. ಅಂಥವರ ಮೇಜಿನ ಮೇಲೆ ಗಣಕಯಂತ್ರವು ಬಂದು ಕುಳಿತುದರಲ್ಲಿ ಸೋಜಿಗವೇನೂ ಇಲ್ಲ. ಚಿತ್ರಗಳನ್ನು ತಿದ್ದುವುದಕ್ಕೂ ಪುಸ್ತಕದ ಪುಟಗಳನ್ನು ಅಣಿಗೊಳಿಸುವುದಕ್ಕೂ ಅದು ಒದಗಿತು.

ತೊಡಕು ಎದುರಾದುದು ಕನ್ನಡವನ್ನು ಬರೆಯಹೊರಟಾಗ. ಇದನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು.

ಗಣಕಯಂತ್ರಕ್ಕೆ ಅಕ್ಷರವೆಂಬುದು ತಿಳಿಯದು. ಅದಕ್ಕೆ ತಿಳಿಯುವುದು ಸಂಖ್ಯೆ ಮಾತ್ರ. ಆದ್ದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಪಡಿಸಬೇಕಾಗುತ್ತದೆ. ಅಮೆರಿಕದಲ್ಲಿ ಮೊದಲು ರೂಢಿಗೆ ಬಂದ ಆಸ್ಕಿ ಎಂಬ ಪದ್ಧತಿಯಲ್ಲಿ ಇದ್ದುದು ೧೨೮ ಸ್ಥಾನಗಳು. ಇಂಗ್ಲಿಷಿನ ೨೬ ಅಕ್ಷರಗಳಿಗೆ, ದೊಡ್ಡವೂ ಚಿಕ್ಕವೂ ಸೇರಿ, ಅಷ್ಟು ಧಾರಾಳವಾಗಿ ಸಾಕು. ಕನ್ನಡದ ಸಂಗತಿಯೇ ಬೇರೆ. ನಮ್ಮಲ್ಲಿ ಕಾಗುಣಿತವಿದೆ, ಒತ್ತಕ್ಷರವಿದೆ, ಬರೆಯುವಾಗ ಮುಂದಿನ ಅಕ್ಷರದ ಬಲಕ್ಕೆ ಹೋಗಿ ಕೂರುವ ಅರ್ಕಾವತ್ತು ಇದೆ. ಇವೆಲ್ಲ ಕೂಡಿದರೆ ಅಕ್ಷರರೂಪಗಳು ಸಾವಿರಗಟ್ಟಲೆಯಾಗುತ್ತವೆ.

ಆಗಿನ ತಂತ್ರಜ್ಞರು ಒಂದು ಉಪಾಯವನ್ನು ಹೂಡಿದರು. ಕನ್ನಡ ಅಕ್ಷರಗಳನ್ನು ತಲೆಕಟ್ಟು, ಕೊಂಬು, ಒತ್ತು ಎಂಬಂತೆ ತುಂಡುಗಳಾಗಿ ಒಡೆದು, ಆ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದರು. ತೆರೆಯ ಮೇಲೆ ಕನ್ನಡ ಕಾಣಿಸಿತು, ಕಾಗದದ ಮೇಲೆ ಚೆನ್ನಾಗಿಯೇ ಅಚ್ಚಾಯಿತು. ಆದರೆ ಯಂತ್ರದ ಒಡಲಿನಲ್ಲಿ ಇದ್ದುದು ಇಂಗ್ಲಿಷೇ! ವೇಷ ಕನ್ನಡದ್ದು, ಒಳಗಿನ ನಟ ಬೇರೊಬ್ಬ. ಒಂದೊಂದು ಸಂಸ್ಥೆಯೂ ತನ್ನ ತುಂಡುಗಳನ್ನು ತನಗೆ ತೋರಿದ ಸ್ಥಾನದಲ್ಲಿ ಇಟ್ಟುಕೊಂಡಿತು. ಒಂದು ತಂತ್ರಾಂಶದಲ್ಲಿ ಬರೆದ ಲೇಖನವನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಚುಗಳು ಕಾಣುತ್ತಿದ್ದವು. ಪದಗಳನ್ನು ಅಕಾರಾದಿಯಾಗಿ ಜೋಡಿಸೆಂದರೆ ಯಂತ್ರವು ತುಂಡುಗಳ ಸಂಖ್ಯೆಯನ್ನು ಅನುಸರಿಸಿ ಜೋಡಿಸುತ್ತಿತ್ತು. ನಿಘಂಟನ್ನು ಮಾಡುವವರ ಪಾಡನ್ನು ಊಹಿಸಿಕೊಳ್ಳಬಹುದು.

ಕೀಲಿಮಣೆಯ ತೊಡಕನ್ನು ಬಿಡಿಸಿದವರು ಕೆ. ಪಿ. ರಾವ್. ಇಂಗ್ಲಿಷ್ ಕೀಲಿಮಣೆಯಲ್ಲಿಯೇ, ಉಚ್ಚಾರಣೆಗೆ ಹತ್ತಿರವಾಗಿ, ವ್ಯಂಜನವನ್ನು ಒತ್ತಿ ಬಳಿಕ ಸ್ವರವನ್ನು ಒತ್ತಿದರೆ ಕಾಗುಣಿತವು ತಾನಾಗಿ ಮೂಡುವ ವಿನ್ಯಾಸವನ್ನು ಅವರು ರೂಪಿಸಿದರು. ಮುಂದೆ ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಗಳು ಮನೆಮಾತಾದವು.

ತೇಜಸ್ವಿಯವರಿಗೆ ಇಷ್ಟರಿಂದ ಸಮಾಧಾನವಾಗಲಿಲ್ಲ. ಕನ್ನಡವು ಕೇವಲ ಬೆರಳಚ್ಚಿನ ಭಾಷೆಯಾಗಿ ಉಳಿಯದೆ, ಗಣಕಯಂತ್ರದಲ್ಲಿ ಇಂಗ್ಲಿಷಿನಿಂದ ಆಗುವ ಕೆಲಸಗಳೆಲ್ಲ ಕನ್ನಡದಿಂದಲೂ ಆಗಬೇಕೆಂಬುದು ಅವರ ಹಟ. ಆ ಬಾಗಿಲು ಮುಚ್ಚಿದರೆ ಭಾಷೆಯ ಬಳಕೆಯೇ ಕುಗ್ಗುತ್ತದೆಂಬ ಆತಂಕ ಅವರದು. ಸಾಹಿತಿಗಳು ತಾಂತ್ರಿಕ ವಿಷಯವೆಂದು ದೂರ ಸರಿಯುತ್ತಿದ್ದ ಕಾಲದಲ್ಲಿ ಕಾಫಿ ತೋಟದ ನಡುವಿನಿಂದ ಈ ದನಿ ಕೇಳಿಬಂದುದು ಸಾಮಾನ್ಯ ಸಂಗತಿಯಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ‘ಕುವೆಂಪು ಕನ್ನಡ ತಂತ್ರಾಂಶ’ವನ್ನು ಹೊರತಂದಿತು. ಅದರ ಹಿಂದೆ ತೇಜಸ್ವಿಯವರ ಒತ್ತಾಸೆಯಿತ್ತು, ಹಾಸನದ ತಂತ್ರಜ್ಞರ ದುಡಿಮೆಯಿತ್ತು.

ಹೀಗೆ ಮೂಡಿಗೆರೆಯ ಚಿಂತೆಗೆ ತುಂಗಭದ್ರೆಯ ದಡದಲ್ಲಿ ನೆಲೆ ದೊರಕಿತು. ಅದೇ ನದಿಯ ಸೀಮೆಯಲ್ಲಿ ಹೂವಿನಹಡಗಲಿಯಿದೆ. ಹಿಂದೆ ಇಲ್ಲಿಂದ ಹಡಗುಗಳಲ್ಲಿ ಹಂಪಿಗೆ ಹೂವು ಹೋಗುತ್ತಿತ್ತೆಂದೂ, ಅದರಿಂದಲೇ ಊರಿಗೆ ಈ ಹೆಸರು ಬಂದಿತೆಂದೂ ಪ್ರತೀತಿ. ಇಲ್ಲಿನ ಮಲ್ಲಿಗೆ ಇಂದಿಗೂ ಹೆಸರುವಾಸಿ. ಈ ಎರಡು ಪದಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಜಗತ್ತಿನ ಎಲ್ಲ ಲಿಪಿಗಳಿಗೂ ಸಂಖ್ಯೆಗಳನ್ನು ಹಂಚುವ ಯೂನಿಕೋಡ್ ಪದ್ಧತಿಯು ೧೯೯೧ರಲ್ಲಿ ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕಾಗಿಯೇ ೧೨೮ ಸ್ಥಾನಗಳನ್ನು ಕಾದಿರಿಸಲಾಗಿದೆ. ಸಾವಿರಾರು ರೂಪಗಳಿಗೆ ಇಷ್ಟು ಹೇಗೆ ಸಾಕು? ಇಲ್ಲಿ ರೂಪಕ್ಕೆ ಸಂಖ್ಯೆಯಿಲ್ಲ. ಮೂಲಾಕ್ಷರಕ್ಕೂ ಸ್ವರಚಿಹ್ನೆಗೂ ಸಂಖ್ಯೆಯುಂಟು. ‘ಹೂವಿನಹಡಗಲಿ’ ಎಂಬಲ್ಲಿ ಕಣ್ಣಿಗೆ ಕಾಣುವುದು ಏಳು ಅಕ್ಷರ. ಏಳು ವ್ಯಂಜನಗಳೂ ಮೂರು ಸ್ವರಚಿಹ್ನೆಗಳೂ ಸೇರಿ ಯಂತ್ರವು ಹತ್ತು ಸಂಖ್ಯೆಗಳನ್ನು ನೆನಪಿನಲ್ಲಿಡುತ್ತದೆ. ‘ಮಲ್ಲಿಗೆ’ಯಲ್ಲಿ ಅಕ್ಷರ ಮೂರು, ಸಂಖ್ಯೆ ಏಳು. ಮ, ಲ, ಅರ್ಧಾಕ್ಷರದ ಚಿಹ್ನೆ, ಮತ್ತೆ ಲ, ಗುಡಿಸು, ಗ, ಎತ್ವ. ಲಕಾರವನ್ನು ಲಕಾರದ ಕೆಳಗೆ ಒತ್ತಾಗಿ ಕೂರಿಸುವ ಕೆಲಸವನ್ನು ತೆರೆಯ ಮೇಲೆ ತೋರಿಸುವ ಹೊತ್ತಿನಲ್ಲಿ ತಂತ್ರಾಂಶವೇ ಮಾಡಿಕೊಳ್ಳುತ್ತದೆ. ನಾವು ಉಚ್ಚರಿಸುವ ಕ್ರಮದಲ್ಲಿಯೇ ಅಕ್ಷರಗಳು ಉಳಿಯುವುದರಿಂದ ಹುಡುಕುವುದೂ ಅಕಾರಾದಿಯಾಗಿ ಜೋಡಿಸುವುದೂ ಸಾಧ್ಯವಾಯಿತು. ಕೇಶಿರಾಜನ ನಾಡಿನವರಿಗೆ ಸಂಧಿಯೂ ಸಂಯುಕ್ತಾಕ್ಷರವೂ ಹೊಸವೇನಲ್ಲ. ಯಂತ್ರವು ಮಾತ್ರ ಅವನ್ನು ತಡವಾಗಿ ಕಲಿಯಿತು.

ತೇಜಸ್ವಿಯವರು ೨೦೦೭ರ ಏಪ್ರಿಲ್ ೫ರಂದು ತೀರಿಕೊಂಡರು. ಅಂಗೈಯಗಲದ ದೂರವಾಣಿಯಲ್ಲಿ ಹಳ್ಳಿಯ ಬಾಲಕನೂ ಕನ್ನಡದಲ್ಲಿ ಬರೆದು ಕಳುಹಿಸುವ ದಿನವನ್ನು ಅವರು ಕಾಣಲಿಲ್ಲ. ಇಂದು ಹಡಗಲಿಯಲ್ಲಿ ಬರೆದ ಸಾಲು ಹಾಸನದಲ್ಲಿಯೂ ಅಮೆರಿಕದಲ್ಲಿಯೂ ಹಾಗೆಯೇ ತೆರೆದುಕೊಳ್ಳುತ್ತದೆ. ಆದರೆ ಹಳೆಯ ಪದ್ಧತಿಯಲ್ಲಿ ಅಚ್ಚಿಗೆ ಅಣಿಗೊಳಿಸಿದ ಪುಸ್ತಕಗಳೂ ಕಚೇರಿಯ ಕಡತಗಳೂ ಇನ್ನೂ ರಾಶಿಯಾಗಿ ಉಳಿದಿವೆ. ಅವನ್ನು ಹೊಸ ಪದ್ಧತಿಗೆ ಪರಿವರ್ತಿಸಬೇಕು. ಪರಿವರ್ತಿಸುವಾಗ ಅರ್ಕಾವತ್ತು ಒಮ್ಮೊಮ್ಮೆ ತಪ್ಪಾದ ಅಕ್ಷರದ ಪಕ್ಕದಲ್ಲಿ ಹೋಗಿ ನಿಲ್ಲುವುದುಂಟು. ಅದನ್ನು ಪುಟಪುಟವಾಗಿ ಓದಿ ತಿದ್ದುವ ಕೆಲಸವು ಮನುಷ್ಯರ ಪಾಲಿಗೇ ಬಂದಿದೆ.