ಸಾಂತಾಕ್ರೂಜಿನ ಗೋಡೆಗಳ ಪಾಠ

ಮುಂಬಯಿ ವಿಮಾನ ನಿಲ್ದಾಣದ ಸಾಂತಾಕ್ರೂಜ್, ಸಹಾರ್ ಎರಡೂ ಟರ್ಮಿನಲ್‌ಗಳಲ್ಲಿ ಪ್ರಯಾಣಿಕರ ಸೇವೆಗೆ ನಿಂತವನು ನಾನು. ಈ ಕೆಲಸಕ್ಕೆ ಹೊಸದಾಗಿ ಸೇರುವ ನಮ್ಮ ಹುಡುಗರಿಗೆ ಇಷ್ಟು ಹೇಳಬೇಕೆನಿಸುತ್ತದೆ.

1. ಯಾವ ಗೋಡೆ ಯಾತಕ್ಕೆ ಎಂದು ಮೊದಲು ತಿಳಿದುಕೊಳ್ಳಿ. ತಪಾಸಣೆ ಮುಗಿಸಿದವರ ಜೊತೆ ಮುಗಿಸದವರು ಬೆರೆಯಬಾರದು. ವಿದೇಶದಿಂದ ಬಂದಿಳಿದವರು ಕಸ್ಟಮ್ಸ್ ದಾಟುವ ಮುಂಚೆ ದೇಶದೊಳಗಿನ ಪ್ರಯಾಣಿಕರ ಕೈಗೆ ಚೀಲ ಕೊಡುವಂತಿರಬಾರದು. ಈ ಎರಡರಲ್ಲಿ ರಾಜಿಯಿಲ್ಲ. ದುಬಾರಿ ಟಿಕೆಟ್‌ನವರಿಗೆಂದು ಕಟ್ಟುವ ಹಗ್ಗ ವ್ಯಾಪಾರದ್ದು. ಜನ ಕಿಕ್ಕಿರಿದಾಗ ಅದನ್ನು ಬಿಚ್ಚಲು ಮೇಲಿನವರನ್ನು ಕೇಳಿ, ಹಿಂಜರಿಯಬೇಡಿ.

2. ಬಾಗಿಲನ್ನು ನಂಬಬೇಡಿ, ನಡೆದು ನೋಡಿ. ಹಿಂದೆ ದೇಶೀಯ ವಿಮಾನ ಸಾಂತಾಕ್ರೂಜಿನಲ್ಲಿ, ವಿದೇಶದ್ದು ಸಹಾರ್‌ನಲ್ಲಿ. ನಡುವಿನ ರಸ್ತೆಯೇ ಗೋಡೆ. 2014ರ ಫೆಬ್ರವರಿಯಲ್ಲಿ ಶುರುವಾದ ಹೊಸ ಟರ್ಮಿನಲ್ 2ರಲ್ಲಿ (ಟಿ2) ಎರಡಕ್ಕೂ ಒಂದೇ ಸೂರು. ಅಲ್ಲಿಯ ಸ್ವಿಂಗ್ ಗೇಟುಗಳಲ್ಲಿ ಒಂದು ಕಡೆಯ ಬಾಗಿಲು ಮುಚ್ಚಿ ಇನ್ನೊಂದು ಕಡೆಯದನ್ನು ತೆರೆದರೆ ದೇಶೀಯ ಗೇಟೇ ಅಂತರರಾಷ್ಟ್ರೀಯ ಗೇಟಾಗುತ್ತದೆ. ಸೊಗಸಾದ ವ್ಯವಸ್ಥೆ. ಆದರೆ ಬದಲಿಸುವ ಮುಂಚೆ ಕುರ್ಚಿಗಳ ಸಾಲು, ಕಂಬಗಳ ಮರೆ, ಶೌಚಾಲಯ ಎಲ್ಲ ನೋಡಲೇಬೇಕು. ಚಾರ್ಜಿಂಗ್ ಪಾಯಿಂಟಿನ ಪಕ್ಕ ಯಾರೋ ಒಬ್ಬರು ನಿದ್ದೆ ಹೋಗಿರುತ್ತಾರೆ.

3. ಸಾಲು ಬೇರೆ ಮಾಡಿದರೆ ಸಿಬ್ಬಂದಿಯನ್ನೂ ಕೊಡಿ. ಮಹಿಳೆಯರ ತಪಾಸಣೆಗೆ ಪರದೆಯ ಬೂತ್ ಒಂದೇ ಇದ್ದರೆ ಅವರ ಸಾಲು ನಿಂತೇಬಿಡುತ್ತದೆ; ಆಚೆ ಗಂಡ, ಮಕ್ಕಳು ಟ್ರೇಗಳ ಮುಂದೆ ದಾರಿಗಡ್ಡ ಕಾಯುತ್ತಾರೆ.

4. ಕಾಗದದ ಗೋಡೆ ಎಲ್ಲಕ್ಕಿಂತ ಗಟ್ಟಿ. ಗಲ್ಫಿಗೆ ಕೆಲಸಕ್ಕೆ ಹೊರಟವರನ್ನೇ ನೋಡಿ. ಸಹಾರ್ ಟರ್ಮಿನಲ್ ಬರುವ ಮುಂಚೆ, 1979ರ ಸೆಪ್ಟೆಂಬರ್‌ನಲ್ಲಿ ಸಾಂತಾಕ್ರೂಜ್ ಟರ್ಮಿನಲ್ ಬೆಂಕಿಗೆ ಆಹುತಿಯಾದ ಮೇಲೆ ತಾತ್ಕಾಲಿಕವಾಗಿ ಎಬ್ಬಿಸಿದ ನಿರ್ಗಮನ ಭಾಗವನ್ನು ಗಲ್ಫ್ ಟರ್ಮಿನಲ್ ಎಂದೇ ಕರೆದರು. ಅಷ್ಟು ಜನ ಆ ಕಡೆ ಹೊರಟಿದ್ದರು. 2006ರಲ್ಲಿ ಮಂಗಳೂರಿನ ಬಜ್ಪೆಯಿಂದ ಗಲ್ಫಿಗೆ ನೇರ ವಿಮಾನ ಬರುವ ತನಕ ನಮ್ಮ ಕರಾವಳಿಯ ಬಹಳ ಮಂದಿ ರಾತ್ರಿ ಬಸ್ಸಿನಲ್ಲಿ ಮುಂಬಯಿಗೆ ಬಂದು, ಇಲ್ಲಿಂದಲೇ ಹಾರಿದರು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕಾದದ್ದು. ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅವರಿಗೆ ವಲಸೆ ಅನುಮತಿ ಬೇಕು. ದಲ್ಲಾಳಿಗಳ ಮೋಸ ತಡೆಯಲು ಬಂದ ನಿಯಮ, ಒಳ್ಳೆಯದೇ. ನನಗೆ ಸಂಕಟವಾಗುವುದು ಅನುಮತಿ ಇಲ್ಲವೆಂದು ಗೊತ್ತಾಗುವ ಜಾಗದ ಬಗ್ಗೆ. ಬ್ಯಾಗು ಒಳಗೆ ಹೋಗಿ, ಮನೆಯವರು ಊರಿನ ಬಸ್ಸು ಹತ್ತಿದ ಮೇಲೆ, ಇಮಿಗ್ರೇಷನ್ ಕೌಂಟರಿನಲ್ಲಿ ತಡೆಯುತ್ತಾರೆ. ಎಲ್ಲರೆದುರು ಆ ಸಾಲಿನಿಂದ ಹಿಂದೆ ಬರುವವನ ಅವಮಾನ ದೊಡ್ಡದು. ಅದಕ್ಕೇ ಚೆಕ್-ಇನ್ ಸಾಲಿನ ಬಾಲದಲ್ಲೇ ನಿಂತು, ಊರಿನವರಾದರೆ ಊರಿನ ಮಾತಿನಲ್ಲೇ ಕೇಳಿ: "ಅಣ್ಣ, ಇಸಿಆರ್ ಪಾಸ್‌ಪೋರ್ಟಾ? ಕ್ಲಿಯರೆನ್ಸ್ ಉಂಟಾ?" ಇಲ್ಲವೆಂದರೆ ಬ್ಯಾಗು ಬೆಲ್ಟಿಗೆ ಹಾಕುವ ಮುಂಚೆ ಅವರನ್ನು ಪಕ್ಕಕ್ಕೆ ಕೂರಿಸಿ, ಏಜೆಂಟನಿಗೆ ಫೋನು ಮಾಡಿಸಿ.