ಗಣಕಯಂತ್ರದ ಕನ್ನಡವೂ ಅಂಧ ವಾಚಕರೂ

ಅಕ್ಷರವು ಕಣ್ಣಿಗೆ ಮಾತ್ರ ಸೇರಿದುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇದು ಸರಿಯಲ್ಲ. ಫ್ರಾನ್ಸಿನ ಲೂಯಿ ಬ್ರೈಲ್ (1809–1852) ಆರು ಚುಕ್ಕೆಗಳ ಜೋಡಣೆಯಿಂದ ಅಕ್ಷರವನ್ನು ಬೆರಳಿಗೆ ತಂದನು. 1951ರಲ್ಲಿ ನಮ್ಮ ದೇಶದ ಭಾಷೆಗಳಿಗಾಗಿ ಭಾರತಿ ಬ್ರೈಲ್ ಅಂಗೀಕೃತವಾಯಿತು. ಕನ್ನಡವೂ ಅದರಲ್ಲಿ ಸೇರಿದೆ. ಈಗ ಗಣಕಯಂತ್ರವು ಅದೇ ಅಕ್ಷರವನ್ನು ಕಿವಿಗೂ ಮುಟ್ಟಿಸಬಲ್ಲುದು. ಆದರೆ ಅದು ಮುಟ್ಟುವುದೂ ಮುಟ್ಟದಿರುವುದೂ ಬರೆಯುವವರನ್ನು ಅವಲಂಬಿಸಿದೆ. ಅದು ಹೇಗೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು. ಅವುಗಳಲ್ಲಿ ಎನ್.ವಿ.ಡಿ.ಎ. ಎಂಬುದು ಬೆಲೆಯಿಲ್ಲದೆ ದೊರೆಯುತ್ತದೆ. ಆಸ್ಟ್ರೇಲಿಯಾದ ಮೈಕೇಲ್ ಕರನ್ ಎಂಬ ಅಂಧ ತರುಣನು 2006ರಲ್ಲಿ ಇದನ್ನು ಪ್ರಾರಂಭಿಸಿದನು. ಇದು ಕನ್ನಡವನ್ನೂ ಓದಬಲ್ಲುದು. ಆದರೆ ಅದು ಅಕ್ಷರದ ಆಕಾರವನ್ನು ನೋಡುವುದಿಲ್ಲ. ಆಕಾರದ ಹಿಂದಿರುವ ಸಂಖ್ಯೆಯನ್ನು ಮಾತ್ರ ಗುರುತಿಸುತ್ತದೆ.

ನೆರೆಯ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದುವು. ಆದರೂ ಗಣಿಯ ಗಂಟೆಯ ವಿಷಯ ನಮ್ಮ ಕಡೆಯವರಿಗೆ ಹೊಸದಲ್ಲ. ಕೇಜನ್ನು ಏರಿಸಿ ಇಳಿಸುವ ಯಂತ್ರದವನು ಆಳದಲ್ಲಿರುವವರನ್ನು ಕಾಣಲಾರನು. ಗಂಟೆಯ ಹೊಡೆತಗಳನ್ನು ಎಣಿಸಿಯೇ ಕೆಲಸ ಮಾಡಬೇಕು. ಎಷ್ಟು ಹೊಡೆತಕ್ಕೆ ಏನರ್ಥವೆಂಬುದು ಕೆಳಗಿನವನಿಗೂ ಮೇಲಿನವನಿಗೂ ಒಂದೇ ಆಗಿರಬೇಕು. ಸಂಕೇತ ಬೇರೆಯಾದರೆ ಗಂಟೆ ಎಷ್ಟು ಜೋರಾಗಿದ್ದರೂ ಪ್ರಯೋಜನವಿಲ್ಲ. ಗಣಕಯಂತ್ರದ ಸ್ಥಿತಿಯೂ ಇದೇ.

1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಗತ್ತಿನ ಸಾಮಾನ್ಯ ಸಂಕೇತದಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು. ಅದರಲ್ಲಿ ‘ಕ’ ಎಂಬುದರ ಸಂಖ್ಯೆ 3221. ಇದು ಬೇರೆ ಯಾವ ಅಕ್ಷರಕ್ಕೂ ಇಲ್ಲ. ಆದರೆ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಕ್ರಮವೇ ಬೇರೆ. ಅಲ್ಲಿ ರೋಮನ್ ಅಕ್ಷರಗಳ ಸಂಖ್ಯೆಗಳಿಗೆ ಕನ್ನಡದ ಆಕಾರಗಳನ್ನು ತೊಡಿಸಲಾಗಿದೆ. ‘ಕ’ ಎಂದು ಕಾಣುವುದು ಯಂತ್ರದ ಲೆಕ್ಕದಲ್ಲಿ ‘ಪಿ’ ಅಕ್ಷರವೂ ತಲೆಯ ಮೇಲೆ ಗೆರೆಯುಳ್ಳ ‘ಎ’ ಅಕ್ಷರವೂ ಸೇರಿದ ಜೋಡಿ. ‘ನ’ಕಾರದಲ್ಲಿಯಂತೂ ಇಂಗ್ಲೆಂಡಿನ ಪೌಂಡ್ ನಾಣ್ಯದ ಚಿಹ್ನೆ ಅಡಗಿದೆ! ಸರ್ಕಾರಿ ಕಚೇರಿಗಳಲ್ಲಿ ಕನ್ನಡವನ್ನು ನೆಲೆಗೊಳಿಸಿದ ಕೀರ್ತಿ ನುಡಿಗೆ ಸಲ್ಲುತ್ತದೆ. ಅದರ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಕೂಡ ಇದೆ. ಹಳೆಯ ಅಭ್ಯಾಸ ಮಾತ್ರ ಇನ್ನೂ ಪೂರ್ತಿಯಾಗಿ ಹೋಗಿಲ್ಲ.

ನಾನು ಇದನ್ನು ಪರೀಕ್ಷಿಸಿ ನೋಡಿದೆನು. ಒಂದೇ ವಾಕ್ಯವನ್ನು ಎರಡು ಬಗೆಯಲ್ಲಿಯೂ ಬೆರಳಚ್ಚು ಮಾಡಿ, ತೆರೆಯನ್ನು ಆರಿಸಿ, ಎನ್.ವಿ.ಡಿ.ಎ.ಯಿಂದ ಓದಿಸಿದೆನು. ಯೂನಿಕೋಡಿನ ವಾಕ್ಯವು ಯಂತ್ರದ ಧ್ವನಿಯಲ್ಲಿಯಾದರೂ ಸ್ಪಷ್ಟವಾಗಿ ಕೇಳಿಸಿತು. ಮತ್ತೊಂದು ಬರಿಯ ಅರ್ಥವಿಲ್ಲದ ಗದ್ದಲ. ಕಣ್ಣಿಗೆ ಎರಡೂ ಒಂದೇ! ಕಾಗದದ ಪ್ರಕಟಣೆಯ ಚಿತ್ರ ತೆಗೆದು ಹಾಗೆಯೇ ಹಾಕಿದರೆ ಇನ್ನೂ ಕಷ್ಟ. ಅಲ್ಲಿ ಅಕ್ಷರದ ಸಂಖ್ಯೆಯೇ ಇರುವುದಿಲ್ಲ.

ಇದು ಸಣ್ಣ ಮಾತಲ್ಲ. ಬಂಗಾರಪೇಟೆಯಂಥ ತಾಲ್ಲೂಕು ಕೇಂದ್ರದಲ್ಲಿಯೂ ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಪಹಣಿ, ಆದಾಯದ ಪ್ರಮಾಣಪತ್ರ ಎಲ್ಲವೂ ಈಗ ಗಣಕಯಂತ್ರದ ಮೂಲಕ ನಡೆಯುತ್ತವೆ. ಸ್ವತಃ ಓದಲಾರದ ಅಂಧ ವಿದ್ಯಾರ್ಥಿಯು ತನ್ನ ಅಂಕಗಳನ್ನೂ ಬಡತನವನ್ನೂ ಬ್ಯಾಂಕಿನ ಲೆಕ್ಕವನ್ನೂ ಪರರ ಮುಂದೆ ತೆರೆದಿಡಬೇಕಾಗುತ್ತದೆ. ಇತರ ವಿಕಲಚೇತನರ ಅಗತ್ಯಗಳೂ ಉಂಟು: ಕಿವಿ ಕೇಳದವರಿಗೆ ಚಲಚ್ಚಿತ್ರದ ಕೆಳಗೆ ಬರಹ ಬೇಕು; ಮೌಸ್ ಹಿಡಿಯಲಾರದವರಿಗೆ ಕೀಲಿಮಣೆಯಿಂದಲೇ ಕೆಲಸ ಸಾಗಬೇಕು.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಮಾಹಿತಿ ಎಲ್ಲರಿಗೂ ಎಟುಕುವಂತಿರಬೇಕೆಂದು ವಿಧಿಸಿದೆ. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಇಂಥ ಸೌಲಭ್ಯವು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಅಂಗವೆಂದು ತೀರ್ಪಿತ್ತಿತು. ಆದರೆ ತೀರ್ಪು ತಾನಾಗಿ ಬೆರಳಚ್ಚು ಮಾಡಲಾರದು. ಆ ಕೆಲಸ ನಮ್ಮದು.

ಆದುದರಿಂದ ಸಹಪಾಠಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಕನ್ನಡವನ್ನು ಯೂನಿಕೋಡಿನಲ್ಲಿಯೇ ಬರೆಯೋಣ, ಪ್ರಕಟಣೆಯನ್ನು ಚಿತ್ರವಾಗಿ ಕಳುಹಿಸುವಾಗ ಅದರ ಒಕ್ಕಣೆಯನ್ನೂ ಜೊತೆಗೆ ಬರೆದು ಕಳುಹಿಸೋಣ, ಚಿತ್ರವಿದ್ದೆಡೆ ಅದೇನೆಂದು ಒಂದು ವಾಕ್ಯ ಸೇರಿಸೋಣ. ಇವುಗಳಿಗೆ ಹಣ ಬೇಕಿಲ್ಲ. ನಾಳೆ ನಮ್ಮಲ್ಲಿ ಕೆಲವರು ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಕೆಲಸಕ್ಕೆ ಕುಳಿತುಕೊಳ್ಳುವರು. ಅಲ್ಲಿ ನಮ್ಮ ಕೈಯಿಂದ ಹೊರಡುವ ಕನ್ನಡವು ಎಲ್ಲ ಕನ್ನಡಿಗರನ್ನೂ ಮುಟ್ಟುವಂತಿರಲಿ.