ಮೊದಲ ಮೀಟಿಂಗ್‌ಗೆ ಹೊರಡುವ ಮುನ್ನ

ಆಲ್ಕೋಹಾಲಿಕ್ಸ್ ಅನಾನಿಮಸ್ (ಎಎ) ಮೀಟಿಂಗ್‌ನ ವಿಳಾಸ ಹುಡುಕುವ ಮೊದಲು ನಿಮ್ಮ ಕೈ ನೋಡಿಕೊಳ್ಳಿ. ಬೆಳಿಗ್ಗೆ ಎದ್ದ ಕೂಡಲೇ ಬೆರಳು ನಡುಗುತ್ತಿದ್ದರೆ, ಒಂದು ಗುಟುಕು ಇಳಿದ ಮೇಲಷ್ಟೇ ಕಾಫಿ ಲೋಟ ಹಿಡಿಯಲು ಆಗುತ್ತಿದ್ದರೆ, ಮೊದಲು ಆಸ್ಪತ್ರೆಗೆ ಹೋಗಿ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ಅದರ ಬೆನ್ನಿಗೇ ಇಲ್ಲದ್ದು ಕಾಣುವ, ದಿಕ್ಕು ತಪ್ಪಿ ಮಾತಾಡುವ ಸನ್ನಿ ಹಿಡಿಯಬಹುದು. ಪ್ರಾಣಕ್ಕೇ ಅಪಾಯವಿರುವ ಸ್ಥಿತಿ ಅದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೈ ಸ್ತಿಮಿತಕ್ಕೆ ಬಂದ ಮೇಲೆ ಮೀಟಿಂಗ್. ಆಲ್ಕೋಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಶುರುವಾದದ್ದು. ಅದನ್ನು ಕಟ್ಟಿದ ಷೇರುಪೇಟೆಯ ಬಿಲ್ ವಿಲ್ಸನ್, ಸರ್ಜನ್ ಬಾಬ್ ಸ್ಮಿತ್, ಇಬ್ಬರೂ ಕುಡಿತದಲ್ಲಿ ಮುಳುಗಿದ್ದವರೇ. ಒಬ್ಬ ಕುಡುಕನ ಮಾತು ಇನ್ನೊಬ್ಬ ಕುಡುಕನಿಗೆ ನಾಟುವಂತೆ ಹೆಂಡತಿಯದ್ದೂ ಡಾಕ್ಟರದ್ದೂ ನಾಟುವುದಿಲ್ಲ ಎಂಬುದು ಅವರು ಕಂಡುಕೊಂಡದ್ದು. ಇವತ್ತಿಗೂ ಮೀಟಿಂಗ್ ನಡೆಯುವುದು ಅದರ ಮೇಲೆಯೇ.

ಎಎ ಇಂಡಿಯಾ ವೆಬ್‌ಸೈಟಿನಲ್ಲಿ ಊರುವಾರು ಪಟ್ಟಿ ಸಿಗುತ್ತದೆ. ಪಟ್ಟಿಯನ್ನೇ ನಂಬಿ ಹೊರಡಬೇಡಿ. ಜಾಗ, ವೇಳೆ ಬದಲಾಗುತ್ತಿರುತ್ತವೆ. ಫೋನ್ ಮಾಡಿ ಎರಡು ವಿಷಯ ಕೇಳಿ. ಯಾವ ಭಾಷೆ? ಬೆಂಗಳೂರಿನಲ್ಲಿ ಕನ್ನಡದ ಗುಂಪುಗಳಿವೆ, ಇಂಗ್ಲಿಷ್, ತಮಿಳಿನವೂ ಇವೆ. ಇಂಗ್ಲಿಷ್ ಬಂದರೂ ಮೊದಲ ಸಲ ಕನ್ನಡದ್ದಕ್ಕೇ ಹೋಗಿ ಎನ್ನುತ್ತೇನೆ, ಅವಮಾನದ ಕಥೆ ಕೇಳಿಸಿಕೊಳ್ಳಲು ಮನೆಮಾತೇ ಆಗಬೇಕು. ಎರಡನೆಯದು, ಓಪನ್ನೋ ಕ್ಲೋಸ್ಡೋ? ಓಪನ್ ಮೀಟಿಂಗ್‌ಗೆ ತಮ್ಮನನ್ನೋ ಹೆಂಡತಿಯನ್ನೋ ಕರೆದೊಯ್ಯಬಹುದು. ಕ್ಲೋಸ್ಡ್‌ನಲ್ಲಿ ಕುಡಿತ ಬಿಡಬೇಕೆಂದಿರುವವರಿಗೆ ಮಾತ್ರ ಪ್ರವೇಶ.

ಹಲವು ಮೀಟಿಂಗ್‌ಗಳು ಚರ್ಚ್ ಹಾಲ್‌ನಲ್ಲೋ ಶಾಲೆಯ ಕೊಠಡಿಯಲ್ಲೋ ಸಂಜೆ ನಡೆಯುತ್ತವೆ. ಚರ್ಚ್ ಎಂದು ಗೇಟಿನಿಂದಲೇ ಹಿಂದಿರುಗಬೇಡಿ. ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ. ದೇವರ ಮಾತು ಬರುತ್ತದೆ, ನಿಜ. ಎಎ ಅನುಸರಿಸುವ ಹನ್ನೆರಡು ಮೆಟ್ಟಿಲುಗಳಲ್ಲಿ (ಸ್ಟೆಪ್ಸ್) ಅದಿದೆ. ಯಾವ ದೇವರು ಎಂಬುದನ್ನು ನಿಮಗೇ ಬಿಟ್ಟಿರುತ್ತಾರೆ. ನಂಬದವರೂ ಅಲ್ಲಿ ಕೂತು ವರ್ಷಗಟ್ಟಲೆ ಕುಡಿಯದೆ ಉಳಿದಿದ್ದಾರೆ.

ಒಳಗೆ ಪ್ಲಾಸ್ಟಿಕ್ ಕುರ್ಚಿ, ಒಂದು ಮೇಜು, ಗೋಡೆಯ ಮೇಲೆ ಮೆಟ್ಟಿಲುಗಳ ಪಟ್ಟಿ. ಒಬ್ಬರು ನಡೆಸಿಕೊಡುತ್ತಾರೆ. ಸ್ವಲ್ಪ ಓದು, ಆಮೇಲೆ ಶೇರಿಂಗ್. ಎದ್ದವರು ಹೆಸರು ಹೇಳಿ, ‘ನಾನು ಮದ್ಯವ್ಯಸನಿ’ ಎನ್ನುತ್ತಾರೆ. ಉಳಿದವರು ನಮಸ್ಕಾರ ಹೇಳುತ್ತಾರೆ. ಮಗಳ ಮದುವೆಗೆ ಕೂಡಿಟ್ಟ ಚೀಟಿ ಹಣ ಬಾರಿಗೆ ಸುರಿದದ್ದನ್ನು ಒಬ್ಬರು ಹೇಳುವಾಗ ಯಾರೂ ‘ಅಯ್ಯೋ’ ಅನ್ನುವುದಿಲ್ಲ, ಬುದ್ಧಿಮಾತೂ ಇಲ್ಲ. ನಡುವೆ ಬಾಯಿ ಹಾಕಬಾರದೆಂಬುದೇ ಅಲ್ಲಿನ ರೂಢಿ. ನಿಮ್ಮ ಸರದಿ ಬಂದಾಗ ‘ಇವತ್ತು ಕೇಳಿಸಿಕೊಳ್ಳುತ್ತೇನೆ’ ಎಂದರೆ ಸಾಕು. ನಡುವೆ ಒಂದು ಪೆಟ್ಟಿಗೆಯೋ ಟೋಪಿಯೋ ಸುತ್ತು ಬರುತ್ತದೆ. ಹೊರಗಿನವರಿಂದ ದೇಣಿಗೆ ತೆಗೆದುಕೊಳ್ಳಬಾರದೆಂಬ ಕಟ್ಟುಪಾಡಿನಿಂದಾಗಿ ಬಾಡಿಗೆ, ಚಹಾ ಎಲ್ಲ ಸದಸ್ಯರದ್ದೇ. ಹೊಸಬರು ಹಾಕಲೇಬೇಕೆಂದಿಲ್ಲ.

ಸಣ್ಣ ಊರಿನವರ ದೊಡ್ಡ ಭಯ, ಗುರುತಿನವರು ಸಿಕ್ಕರೆ? ಸಿಗಬಹುದು. ಅವರೂ ಅದಕ್ಕೇ ಬಂದವರು, ನಿಮ್ಮಷ್ಟೇ ಹೆದರಿದವರು. ಅದೂ ಆಗದೆಂದರೆ ಪಕ್ಕದ ತಾಲ್ಲೂಕಿನ ಗುಂಪಿಗೆ ಹೋಗಿ, ಇಲ್ಲವೇ ಆನ್‌ಲೈನ್ ಮೀಟಿಂಗ್‌ಗೆ ಕ್ಯಾಮೆರಾ ಆರಿಸಿ ಕೂರಿ.

ಎಎ ಇಲ್ಲದ ಹಳ್ಳಿಗಳಲ್ಲಿ ನಮ್ಮದೇ ಇನ್ನೊಂದು ದಾರಿಯಿದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರೂರಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತದೆ. ಶಿಬಿರಕ್ಕಿಂತ ಹೆಚ್ಚಿನದು ಆಮೇಲಿನದ್ದು ಎಂದು ನನ್ನ ಅನಿಸಿಕೆ; ಮುಗಿಸಿ ಬಂದವರು ನವಜೀವನ ಸಮಿತಿ ಕಟ್ಟಿಕೊಂಡು ಮತ್ತೆ ಮತ್ತೆ ಸೇರುತ್ತಾರೆ. ಎಂಟು ದಿನ ಎಲ್ಲರೂ ತಡೆದಾರು, ಒಂಬತ್ತನೆಯ ದಿನ ಸಂಬಳ ಕೈಗೆ ಬಂದಾಗ ಜೊತೆಗೆ ಯಾರಿದ್ದಾರೆ ಎಂಬುದೇ ಪ್ರಶ್ನೆ.

ಮನೆಯವರಿಗೂ ಒಂದು ಮಾತು. ಗೊತ್ತಾಗದಂತೆ ಸಾರಿಗೆ ಬೆರೆಸಿ ಕುಡಿತ ಬಿಡಿಸುತ್ತೇವೆಂಬ ಪುಡಿಗಳಿಗೆ ಕೈ ಹಾಕಬೇಡಿ. ಅಂಥದ್ದರಲ್ಲಿ ಡೈಸಲ್ಫಿರಾಂ ಎಂಬ ಔಷಧಿ ಇದ್ದರೆ, ತಿಳಿಯದೆ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೆ ಎರವಾಗಬಹುದು. ನಿಮಗಾಗಿಯೇ ಅಲ್-ಅನಾನ್ ಎಂಬ ಕುಟುಂಬದವರ ಗುಂಪಿದೆ, ಕುಡಿಯುವವರು ಬರಲೊಪ್ಪದಿದ್ದರೂ ನೀವು ಹೋಗಬಹುದು.

ಇನ್ನು ಮೀಟಿಂಗ್‌ಗೆ ಹೊರಟವರಿಗೆ: ಮುಗಿದ ಕೂಡಲೇ ಓಡಿ ಬರಬೇಡಿ. ಚಹಾದ ಹೊತ್ತಿನಲ್ಲಿ ಇಬ್ಬರ ಫೋನ್ ನಂಬರ್ ಬರೆದುಕೊಳ್ಳಿ, ರಾತ್ರಿ ಹತ್ತಕ್ಕೆ ಬೇಕಾಗುವುದು ಅದೇ. ಮನೆಗೆ ಹೋಗುವಾಗ ನಿಮ್ಮ ಹಳೆಯ ಬಾರ್ ಇಲ್ಲದ ದಾರಿ ಹಿಡಿಯಿರಿ, ಎರಡು ಕಿಲೋಮೀಟರ್ ಸುತ್ತಾದರೂ ಸರಿ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದು ನೋಡಿ. ಒಂದೊಂದರ ಗಾಳಿ ಒಂದೊಂದು ಥರ. ನಡುವೆ ಕುಡಿದುಬಿಟ್ಟರೂ ಹೋಗಿ. ಗಲಾಟೆ ಮಾಡದೆ ಹಿಂದಿನ ಕುರ್ಚಿಯಲ್ಲಿ ಕೂತು ಕೇಳಿದರೆ ಸಾಮಾನ್ಯವಾಗಿ ಯಾರೂ ಎಬ್ಬಿಸುವುದಿಲ್ಲ. ಬೈಕ್ ಮಾತ್ರ ಮನೆಯಲ್ಲೇ ಬಿಟ್ಟು ಆಟೋದಲ್ಲಿ ಹೋಗಿ.